ಮದ್ದು ನೀಡುವ ಕೈಯ ಶುದ್ಧಿ

ವರ್ಷದಲ್ಲಿ ಎರಡು ಬಾರಿ, ಫೆಬ್ರವರಿ 10 ಹಾಗೂ ಆಗಸ್ಟ್ 10ರ ಆಸುಪಾಸಿನಲ್ಲಿ, ನಮ್ಮ ಶಾಲೆ ಮತ್ತು ಅಂಗನವಾಡಿಗಳಲ್ಲಿ ಮಕ್ಕಳಿಗೆ ಜಂತುಹುಳು ನಿವಾರಣೆಯ ಮಾತ್ರೆಯನ್ನು ಕೊಡಲಾಗುತ್ತದೆ. 2015ರಲ್ಲಿ ದೇಶದಲ್ಲಿ ಆರಂಭವಾದ ಈ ಕಾರ್ಯಕ್ರಮವು ಒಂದರಿಂದ ಹತ್ತೊಂಬತ್ತು ವರ್ಷದವರೆಗಿನ ಎಲ್ಲರನ್ನೂ ಒಳಗೊಳ್ಳುತ್ತದೆ. ಇದಲ್ಲದೆ ಒಂಬತ್ತನೆಯ ತಿಂಗಳಿನಿಂದ ಐದು ವರ್ಷ ತುಂಬುವವರೆಗೆ ಒಂಬತ್ತು ಬಾರಿ ವಿಟಮಿನ್ ‘ಎ’ ದ್ರಾವಣ, ಆರು ತಿಂಗಳು ತುಂಬಿದ ಮೇಲೆ ವಾರಕ್ಕೆರಡು ಬಾರಿ ಕಬ್ಬಿಣಾಂಶದ ಸಿರಪ್, ಪಲ್ಸ್ ಪೋಲಿಯೊ ಭಾನುವಾರದಂದು ಎರಡು ಹನಿ ಲಸಿಕೆ, ಹೀಗೆ ಮಗುವಿನ ಬಾಯಿಗೆ ಬೀಳುವ ರಕ್ಷಣೆಯ ಮದ್ದುಗಳು ಹಲವು. ಇವುಗಳನ್ನು ಕೊಡುವವರು ಬಹುಪಾಲು ವೈದ್ಯರಲ್ಲ. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಕಿರಿಯ ಆರೋಗ್ಯ ಸಹಾಯಕಿ, ಶಾಲೆಯಾದರೆ ಶಿಕ್ಷಕರು, ಇವರ ಕೈಗಳ ಮೂಲಕವೇ ಅವು ಮಕ್ಕಳನ್ನು ತಲುಪುತ್ತವೆ. ಶ್ರೀಮಠದ ಸದ್ಭಕ್ತರಲ್ಲಿ ಈ ಕಾಯಕದಲ್ಲಿ ತೊಡಗಿದವರೂ ಇದ್ದಾರೆ, ಅವರನ್ನು ಮನೆಬಾಗಿಲಲ್ಲಿ ಬರಮಾಡಿಕೊಳ್ಳುವ ತಾಯಂದಿರೂ ಇದ್ದಾರೆ. ಆದಕಾರಣ ಮದ್ದು ನೀಡುವ ಕೈಯ ಶುಚಿತ್ವದ ಕುರಿತು ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಬಯಸುತ್ತೇವೆ.

ರೋಗ ಬಂದ ಮೇಲೆ ಕೊಡುವ ಔಷಧಕ್ಕೂ ರೋಗ ಬಾರದಿರಲೆಂದು ಕೊಡುವ ಔಷಧಕ್ಕೂ ಒಂದು ವ್ಯತ್ಯಾಸವಿದೆ. ಜ್ವರದಿಂದ ನರಳುವ ಮಗುವಿನ ತಾಯಿ ತಾನಾಗಿಯೇ ವೈದ್ಯರನ್ನು ಹುಡುಕಿಕೊಂಡು ಹೋಗುತ್ತಾಳೆ. ರಕ್ಷಣೆಯ ಮದ್ದಾದರೋ ಅಂಗಳದಲ್ಲಿ ಆಡುತ್ತಿರುವ ಆರೋಗ್ಯವಂತ ಮಗುವನ್ನು ಕರೆದು ಬಾಯಿ ತೆರೆಸಿ ಕೊಡುವಂಥದು. ಅಲ್ಲಿ ತಾಯಿ ಬೇಡಿದ್ದು ಏನೂ ಇಲ್ಲ. ಬಂದವರನ್ನು ನಂಬಿ ಮಗುವನ್ನು ಒಪ್ಪಿಸುತ್ತಾಳೆ. ಆ ಮದ್ದಿನೊಡನೆ ಪಕ್ಕದ ಮನೆಯ ವಾಂತಿಭೇದಿಯೋ ಮೇಲಿನ ಓಣಿಯ ನೆಗಡಿಯೋ ಬಂದು ಸೇರಿದರೆ, ಮುಂದಿನ ಬಾರಿ ಆ ಬಾಗಿಲು ತೆರೆಯುವುದು ಸಂದೇಹ. ಒಂದು ಮನೆಯಲ್ಲಿ ಕಳೆದುಹೋದ ವಿಶ್ವಾಸವು ಇಡೀ ಓಣಿಗೆ ಹಬ್ಬಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಗ್ರಾಮೀಣ ಪ್ರದೇಶದಲ್ಲಿ ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಕಾರ್ಯಕರ್ತೆಯೆಂಬುದು ನಿಯಮ. ಮನೆಭೇಟಿಯ ದಿನ ಆಕೆಯ ಕೈ ಎಲ್ಲೆಲ್ಲಿ ಓಡಾಡುತ್ತದೆ ಎಂಬುದನ್ನು ಗಮನಿಸಬೇಕು. ಬಾಗಿಲ ಚಿಲಕ, ಮಗುವಿನ ಕೆನ್ನೆ, ಲೆಕ್ಕದ ಪುಸ್ತಕ, ಪೆನ್ನು, ಮೊಬೈಲು, ಹೆಗಲ ಚೀಲ, ಔಷಧದ ಬಾಟಲಿ, ಮತ್ತೆ ಇನ್ನೊಂದು ಮನೆಯ ಚಿಲಕ. ಮಗುವಿನ ಸಿಂಬಳ ಜೊಲ್ಲುಗಳು ಒಮ್ಮೆ ಪೆನ್ನಿಗೆ ತಗುಲಿದರೆ ಆ ಪೆನ್ನು ಸಂಜೆಯವರೆಗೂ ಜೊತೆಗಿರುತ್ತದೆ. ಕೈ ತೊಳೆದ ಮೇಲೆ ಅದನ್ನು ಸೆರಗಿಗೆ ಒರೆಸಿಕೊಳ್ಳುವ ರೂಢಿ ನಮ್ಮಲ್ಲಿದೆ; ಬೆಳಗಿನಿಂದ ಧೂಳು ಬೆವರುಗಳನ್ನು ಹೀರಿದ ಸೆರಗು ತೊಳೆದ ಕೈಯನ್ನು ಮತ್ತೆ ಮೊದಲಿನ ಸ್ಥಿತಿಗೆ ತರುತ್ತದೆ. ಕೈಯನ್ನು ಕೊಡವಿ ಗಾಳಿಗೆ ಆರಲು ಬಿಡುವುದೇ ಲೇಸು.

ಜಂತುಹುಳುವಿನ ವಿಷಯದಲ್ಲಂತೂ ಈ ಮಾತು ಇನ್ನಷ್ಟು ಗಂಭೀರವಾದುದು. ದುಂಡುಹುಳುವಿನ ಒಂದು ಹೆಣ್ಣು ದಿನವೊಂದಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡಬಲ್ಲುದು. ಅವು ಮಲದೊಡನೆ ಹೊರಬಿದ್ದು, ಮಣ್ಣಿನಲ್ಲಿ ಕೆಲವು ವಾರ ಬಲಿತು, ಅನಂತರ ಉಗುರಿನ ಸಂದಿಯ ಮಣ್ಣಿನೊಡನೆಯೋ ತೊಳೆಯದ ಸೊಪ್ಪು ತರಕಾರಿಯೊಡನೆಯೋ ಬಾಯಿಯನ್ನು ಸೇರುತ್ತವೆ. ಕೊಕ್ಕೆಹುಳುವಿನ ಮರಿಗಳು ಮಾತ್ರ ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೋಗುತ್ತವೆಯಾದ್ದರಿಂದ ಅವುಗಳಿಗೆ ಪಾದರಕ್ಷೆಯೇ ತಡೆ. ಅಲ್ಬೆಂಡಜೋಲ್ ಮಾತ್ರೆಯು ಹೊಟ್ಟೆಯಲ್ಲಿ ಈಗಾಗಲೇ ಇರುವ ಹುಳುಗಳನ್ನು ನಿವಾರಿಸುತ್ತದೆಯೇ ಹೊರತು ನಾಳೆ ಬರಲಿರುವವನ್ನು ತಡೆಯಲಾರದು. ಆರು ತಿಂಗಳಿಗೊಮ್ಮೆ ಅದನ್ನು ಮತ್ತೆ ಕೊಡಬೇಕಾಗಿರುವುದು ಇದೇ ಕಾರಣದಿಂದ. ಆಡಿ ಬಂದ ಕೈಯನ್ನು ತೊಳೆಯದೆಯೇ ಮಗುವು ಆ ಮಾತ್ರೆಯನ್ನು ಹಿಡಿದು ಬಾಯಿಗೆ ಹಾಕಿಕೊಂಡರೆ, ಹುಳುವಿನ ಮದ್ದಿನ ಹಿಂದೆಯೇ ಹುಳುವಿನ ಮೊಟ್ಟೆಯೂ ಹೋದಂತಾಯಿತು.

ಇಲ್ಲಿ ಸ್ಯಾನಿಟೈಸರನ್ನು ನೆಚ್ಚುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಮದ್ಯಸಾರದ ಆ ದ್ರವವು ಅನೇಕ ರೋಗಾಣುಗಳನ್ನು ಕೊಲ್ಲಬಲ್ಲುದಾದರೂ ಗಟ್ಟಿಯಾದ ಕವಚವುಳ್ಳ ದುಂಡುಹುಳುವಿನ ಮೊಟ್ಟೆಯ ಮುಂದೆ ಅದರ ಆಟ ನಡೆಯದು. ಕಣ್ಣಿಗೆ ಕಾಣುವಷ್ಟು ಮಣ್ಣು, ಎಣ್ಣೆ, ಜಿಡ್ಡು ಇರುವ ಕೈಯ ಮೇಲೆಯೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸಾಬೂನು ಹಚ್ಚಿ ಉಜ್ಜುವಾಗ ಮೊಟ್ಟೆಗಳು ಸಾಯುವುದಿಲ್ಲ, ನಿಜ. ಆದರೆ ನೀರಿನೊಡನೆ ಕೈಬಿಟ್ಟು ಹರಿದುಹೋಗುತ್ತವೆ. ನಮಗೆ ಬೇಕಾದುದೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯು ಸಾಬೂನು ನೀರಿನಿಂದ ಕೈತೊಳೆಯಲು 40ರಿಂದ 60 ಸೆಕೆಂಡುಗಳನ್ನೂ ದ್ರವವನ್ನು ಹಚ್ಚಿ ಉಜ್ಜಲು 20ರಿಂದ 30 ಸೆಕೆಂಡುಗಳನ್ನೂ ಹೇಳಿದೆ. ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳಿನ ಸುತ್ತ, ಉಗುರುಗಳ ತುದಿ ಇವೆಲ್ಲವನ್ನೂ ಉಜ್ಜಲು ಅಷ್ಟು ಹೊತ್ತು ಬೇಕೇ ಬೇಕು. ಮಣ್ಣಿನ ನೆಲದ ಹಳ್ಳಿಯಲ್ಲಿ ಸಾಬೂನೇ ಮೊದಲು, ಸ್ಯಾನಿಟೈಸರ್ ಅನಂತರ, ಎಂಬುದು ನಮ್ಮ ಅಭಿಪ್ರಾಯ.

ಇನ್ನು ಕೊಡುವ ವಿಧಾನ. ಒಂದರಿಂದ ಎರಡು ವರ್ಷದವರೆಗಿನ ಮಗುವಿಗೆ ಅರ್ಧ ಮಾತ್ರೆ, ಅಂದರೆ 200 ಮಿಲಿಗ್ರಾಂ. ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಂನ ಪೂರ್ಣ ಮಾತ್ರೆ. ದೊಡ್ಡ ಮಕ್ಕಳು ಅದನ್ನು ಅಗಿದು ನುಂಗಬೇಕು. ಎಳೆಯ ಮಕ್ಕಳಿಗಾದರೆ ಎರಡು ಚಮಚಗಳ ನಡುವೆ ಇಟ್ಟು ಪುಡಿಮಾಡಿ, ಶುದ್ಧವಾದ ಕುಡಿಯುವ ನೀರಿನಲ್ಲಿ ಕಲಸಿ ಕುಡಿಸಬೇಕು. ಇಡೀ ಮಾತ್ರೆಯು ಎಳೆಯ ಗಂಟಲಿನಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಅಳುವ ಮಗುವಿನ ಮೂಗನ್ನು ಹಿಡಿದು ಬಾಯಿಗೆ ಸುರಿಯುವ ಹಳೆಯ ಪದ್ಧತಿಯನ್ನು ಎಲ್ಲಿಯೂ ಅನುಸರಿಸಕೂಡದು. ಮದ್ದು ಶ್ವಾಸನಾಳಕ್ಕೆ ಇಳಿಯುವುದು ಹಾಗೆಯೇ. ಮೇಲಾಗಿ ಒದ್ದಾಡುವ ಮಗುವಿನ ಜೊಲ್ಲು ಕಣ್ಣೀರುಗಳು ಹಿಡಿದವರ ಎರಡೂ ಕೈಗಳಿಗೆ ಬಳಿದುಕೊಳ್ಳುತ್ತವೆ. ಮಗು ಶಾಂತವಾಗುವವರೆಗೆ ಕಾಯುವುದು ಮಗುವಿನ ಸುರಕ್ಷತೆಗೂ ಹಿತ, ಸೋಂಕಿನ ತಡೆಗೂ ಹಿತ. ಮಾತ್ರೆಯನ್ನು ಡಬ್ಬಿಯಿಂದ ಅಂಗೈಗೆ ಸುರಿದುಕೊಂಡು ಹಂಚದೆ, ಮುಚ್ಚಳಕ್ಕೆ ಉರುಳಿಸಿ ಅಲ್ಲಿಂದ ನೇರವಾಗಿ ಚಮಚಕ್ಕೆ ಹಾಕಬೇಕು.

ವಿಟಮಿನ್ ‘ಎ’ ದ್ರಾವಣದ ಸಂಗತಿ ತುಸು ತೊಡಕಿನದು. ಒಂದು ದೊಡ್ಡ ಬಾಟಲಿ, ಅದರೊಡನೆ ಅಳತೆಯ ಒಂದು ಪ್ಲಾಸ್ಟಿಕ್ ಚಮಚ. ಮೊದಲ ಬಾರಿಗೆ 1 ಮಿಲಿಲೀಟರ್, ಅನಂತರ ಆರು ತಿಂಗಳಿಗೊಮ್ಮೆ 2 ಮಿಲಿಲೀಟರ್. ಒಂದೇ ಚಮಚವು ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ಹೋಗುವ ಸಂಭವ ಇಲ್ಲಿಯೇ ಹೆಚ್ಚು. ಮನೆಯ ಚಮಚಕ್ಕೆ ಬಗ್ಗಿಸಿ ಕುಡಿಸಬಾರದೇಕೆ ಎಂದು ಕೇಳಬಹುದು. ದ್ರಾವಣವು ಎಣ್ಣೆಯಂತೆ ಅಂಟುವುದರಿಂದ ಒಂದರಿಂದ ಇನ್ನೊಂದಕ್ಕೆ ಬಗ್ಗಿಸಿದಾಗ ಸ್ವಲ್ಪ ಭಾಗ ಅಲ್ಲಿಯೇ ಉಳಿದು ಅಳತೆ ಕಡಿಮೆಯಾಗುತ್ತದೆ. ಆದುದರಿಂದ ತಾಯಿಯ ತೊಡೆಯ ಮೇಲೆ ಮಗುವನ್ನು ಕೂರಿಸಿ, ತಲೆಯನ್ನು ತುಸು ಎತ್ತಿ, ತುಟಿಗೆ ತಾಗದಂತೆ ಮೇಲಿನಿಂದ ನಿಧಾನವಾಗಿ ಹನಿಸಬೇಕು. ನಮ್ಮ ಮನೆಗಳಲ್ಲಿ ಲೋಟವನ್ನು ಕಚ್ಚದೆ ಎತ್ತಿ ಕುಡಿಯುವ ಕ್ರಮವಿದೆಯಲ್ಲವೇ, ಅದೇ ಕ್ರಮ. ಚಮಚವು ತುಟಿಗೋ ನಾಲಗೆಗೋ ತಾಗಿತೆಂದರೆ ಸಾಬೂನಿನಿಂದ ತೊಳೆದು ಪೂರ್ತಿ ಒಣಗಿಸಿದ ಮೇಲೆಯೇ ಮುಂದಿನ ಮಗುವಿಗೆ ಬಳಸಬೇಕು. ಚಮಚವನ್ನು ಬಾಟಲಿಯೊಳಕ್ಕೆ ಅದ್ದುವುದಂತೂ ಸಲ್ಲದು. ಎರಡು ಚಮಚಗಳನ್ನು ಇಟ್ಟುಕೊಂಡರೆ ಒಂದು ಒಣಗುವಷ್ಟರಲ್ಲಿ ಇನ್ನೊಂದು ಒದಗುತ್ತದೆ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡುವುದೂ ಅಗತ್ಯ. ತೆರೆದು ಎರಡು ತಿಂಗಳು ಕಳೆದ ದ್ರಾವಣ ಬಳಕೆಗೆ ಯೋಗ್ಯವಲ್ಲ.

ಪೋಲಿಯೊ ಹನಿಯ ವಿಷಯದಲ್ಲಿ ನಮ್ಮ ಕಾರ್ಯಕರ್ತೆಯರಿಗೆ ಹೇಳಿಕೊಡಬೇಕಾದುದು ಹೆಚ್ಚಿಲ್ಲ. 1995ರಿಂದ ನಡೆದುಬಂದ ಪಲ್ಸ್ ಪೋಲಿಯೊ ಆಂದೋಲನದ ಫಲವಾಗಿ 2011ರ ಜನವರಿಯ ಬಳಿಕ ಭಾರತದಲ್ಲಿ ಕಾಡು ಪೋಲಿಯೊ ವೈರಸ್ಸಿನ ಪ್ರಕರಣ ಕಂಡುಬಂದಿಲ್ಲ. 2014ರ ಮಾರ್ಚ್ 27ರಂದು ದೇಶವು ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಡ್ರಾಪರಿನ ತುದಿ ಮಗುವಿನ ಬಾಯಿಗೆ ತಾಗಕೂಡದು, ತಾಗಿದರೆ ಅದನ್ನು ಬದಲಿಸಬೇಕು ಎಂಬ ನಿಯಮವನ್ನು ಪಾಲಿಸಿಯೇ ಅವರು ಕೋಟ್ಯಂತರ ಬಾಯಿಗಳಿಗೆ ಹನಿ ಹಾಕಿದ್ದಾರೆ. ಉಳಿದ ಮದ್ದುಗಳಿಗೂ ಅದೇ ಎಚ್ಚರ ಬೇಕೆಂಬುದಷ್ಟೇ ನಮ್ಮ ಸೂಚನೆ.

ಕೈಗವಸಿನ ಬಗೆಗೆ ಒಂದು ಭ್ರಮೆ ಪ್ರಚಲಿತವಿದೆ. ಕೈಗವಸು ಹಾಕಿಕೊಂಡವರನ್ನು ಕಂಡರೆ ಜನರಿಗೆ ಸಮಾಧಾನವಾಗುತ್ತದೆ. ಆದರೆ ಬಾಯಿಯ ಮೂಲಕ ಕೊಡುವ ಮದ್ದಿಗೆ ಅದು ಅಗತ್ಯವಿಲ್ಲ. ಬೆಳಿಗ್ಗೆ ತೊಟ್ಟ ಒಂದೇ ಜೊತೆ ಕೈಗವಸು ನಲವತ್ತು ಮನೆಗಳನ್ನು ಸುತ್ತಿದರೆ ನಲವತ್ತು ಮನೆಗಳ ಕೊಳೆಯನ್ನೂ ಹೊತ್ತಿರುತ್ತದೆ. ತೊಟ್ಟವರಿಗೆ ಕೈ ಜಿಡ್ಡಾದ ಅರಿವೇ ಆಗುವುದಿಲ್ಲವಾದ್ದರಿಂದ ತೊಳೆಯುವ ಮನಸ್ಸೂ ಹುಟ್ಟುವುದಿಲ್ಲ. ತೊಳೆದ ಬರಿಗೈ ಇದಕ್ಕಿಂತ ಎಷ್ಟೋ ಮೇಲು. ಕೆಮ್ಮು ನೆಗಡಿಗಳು ಹಬ್ಬಿರುವ ಕಾಲದಲ್ಲಿ ಮಾಸ್ಕ್ ಉಪಯುಕ್ತ, ಅದೂ ಮೂಗು ಬಾಯಿಗಳೆರಡನ್ನೂ ಮುಚ್ಚಿದ್ದರೆ. ಗಲ್ಲಕ್ಕೆ ಜೋತುಬಿದ್ದ ಮಾಸ್ಕನ್ನು ಪದೇಪದೇ ಎಳೆದುಕೊಳ್ಳುವ ಕೈ ಮತ್ತಷ್ಟು ಮಲಿನವಾಗುತ್ತದೆ. ಒಳಕೋಣೆಗೆ ಹೋಗದೆ ಜಗಲಿಯಲ್ಲಿಯೇ ನಿಂತು, ಗಾಳಿ ಬೆಳಕಿನಲ್ಲಿ ಕೆಲಸ ಮುಗಿಸುವುದು ಖರ್ಚಿಲ್ಲದ ಉಪಾಯ.

ಶುಚಿತ್ವಕ್ಕಾಗಿ ತಂದ ವಸ್ತುವೇ ಅಪಾಯಕ್ಕೆ ಕಾರಣವಾಗಬಹುದು ಎಂಬುದಕ್ಕೆ ನೆರೆಯ ಮಹಾರಾಷ್ಟ್ರದ ಒಂದು ಘಟನೆ ಸಾಕ್ಷಿಯಾಗಿದೆ. 2021ರ ಜನವರಿ 31ರ ಪಲ್ಸ್ ಪೋಲಿಯೊ ದಿನ ಯವತಮಾಳ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಐದು ವರ್ಷದೊಳಗಿನ 12 ಮಕ್ಕಳಿಗೆ ಪೋಲಿಯೊ ಹನಿಯ ಬದಲು ಸ್ಯಾನಿಟೈಸರಿನ ಹನಿಗಳನ್ನು ಹಾಕಲಾಯಿತು. ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ದೈವಕೃಪೆಯಿಂದ ಯಾರ ಪ್ರಾಣಕ್ಕೂ ಕುಂದು ಬರಲಿಲ್ಲ. ಸಂಬಂಧಪಟ್ಟವರ ಮೇಲೆ ಇಲಾಖೆ ಕ್ರಮ ಕೈಗೊಂಡಿತು. ಆ ದಿನಗಳಲ್ಲಿ ಪ್ರತಿಯೊಂದು ಮೇಜಿನ ಮೇಲೂ ಸ್ಯಾನಿಟೈಸರ್ ಇರಲೇಬೇಕಾಗಿತ್ತು, ಲಸಿಕೆಯೂ ಇರಬೇಕಾಗಿತ್ತು. ಅವೆರಡೂ ಒಂದೇ ಕಡೆ, ಒಂದೇ ಕೈಗೆಟಕುವಂತಿದ್ದರೆ ಇಂಥ ಪ್ರಮಾದಕ್ಕೆ ಎಡೆಯಿದ್ದೇ ಇರುತ್ತದೆ. ಮಗುವಿನ ಬಾಯಿಗೆ ಹೋಗುವಂಥದು ಬಲಗಡೆ, ಕೈಗೆ ಹಚ್ಚಿಕೊಳ್ಳುವಂಥದು ಮೇಜಿನಿಂದ ದೂರ ಇನ್ನೊಬ್ಬರ ಸುಪರ್ದಿಯಲ್ಲಿ ಎಂಬ ವಿಂಗಡಣೆ ಕಡ್ಡಾಯವಾಗಬೇಕು. ಮನೆಭೇಟಿಯ ಚೀಲದಲ್ಲಿಯೂ ಅಷ್ಟೇ. ಎರಡಕ್ಕೂ ಬೇರೆ ಬೇರೆ ಖಾನೆಗಳಿರಬೇಕು. ಸ್ಯಾನಿಟೈಸರನ್ನು ಖಾಲಿಯಾದ ಔಷಧದ ಬಾಟಲಿಗೆ ತುಂಬಿಟ್ಟುಕೊಳ್ಳುವ ಮಿತವ್ಯಯವು ಎಂದಿಗೂ ಬೇಡ.

ಸೋಂಕಿನ ಭಯವಿರುವಾಗ ಮಕ್ಕಳ ಮದ್ದನ್ನೇ ನಿಲ್ಲಿಸಬೇಕೆ, ಅಥವಾ ಕೊಡುವ ಬಗೆಯನ್ನು ಬದಲಿಸಬೇಕೆ ಎಂಬ ಪ್ರಶ್ನೆ ಕೋವಿಡ್ ಕಾಲದಲ್ಲಿ ಅನೇಕ ದೇಶಗಳ ಮುಂದೆ ಬಂದಿತ್ತು. 2020ರ ಮಾರ್ಚ್ ಕೊನೆಯ ಹೊತ್ತಿಗೆ ಜಗತ್ತಿನ ಹಲವೆಡೆ ಪೋಲಿಯೊ ಆಂದೋಲನಗಳನ್ನೇ ಕೆಲವು ತಿಂಗಳು ತಡೆಹಿಡಿಯಲಾಯಿತು. ಇದಕ್ಕೆ ಬೇರೊಂದು ಉತ್ತರ ಕಂಡುಕೊಂಡದ್ದು ಆಫ್ರಿಕಾದ ಸಹೇಲ್ ಪ್ರಾಂತ. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿರುವ ಮಾಲಿ, ಬುರ್ಕಿನಾ ಫಾಸೊ, ನೈಜರ್, ಚಾಡ್ ದೇಶಗಳಲ್ಲಿ ಮತ್ತು ನೈಜೀರಿಯಾದ ಉತ್ತರ ಭಾಗದಲ್ಲಿ ಮಲೇರಿಯಾ ಹೆಚ್ಚಾಗಿ ಮಳೆಗಾಲದ ಮೂರು ನಾಲ್ಕು ತಿಂಗಳುಗಳಲ್ಲಿಯೇ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತದೆ. ಆ ತಿಂಗಳುಗಳಲ್ಲಿ, ಮೂರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಿಗೆ, ತಿಂಗಳಿಗೊಮ್ಮೆ ಮೂರು ದಿನಗಳ ರಕ್ಷಣೆಯ ಮಾತ್ರೆಗಳನ್ನು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಶಿಫಾರಸು ಮಾಡಿತು. ನಮ್ಮ ಆಶಾ ಕಾರ್ಯಕರ್ತೆಯರಂಥ ಊರಿನ ಸ್ವಯಂಸೇವಕರೇ ಮನೆಮನೆಗೆ ಹೋಗಿ ಮೊದಲ ದಿನದ ಮದ್ದನ್ನು ಕುಡಿಸುತ್ತಾರೆ. ಉಳಿದೆರಡು ದಿನಗಳದನ್ನು ತಾಯಿಯ ಕೈಗೆ ಕೊಟ್ಟು ಹೋಗುತ್ತಾರೆ.

ಮಳೆಯು ಕೋವಿಡ್ ಮುಗಿಯಲೆಂದು ಕಾಯುವುದಿಲ್ಲ, ಸೊಳ್ಳೆಯೂ ಕಾಯುವುದಿಲ್ಲ. ಆದುದರಿಂದ ಅಲ್ಲಿ ಮದ್ದನ್ನು ನಿಲ್ಲಿಸಲಿಲ್ಲ, ಕೊಡುವ ಕೈಯನ್ನು ಬದಲಿಸಿದರು. ಸ್ವಯಂಸೇವಕರು ಮಾಸ್ಕ್ ಧರಿಸಿ, ಮನೆಯೊಳಗೆ ಹೋಗದೆ, ಅಂತರದಲ್ಲಿ ನಿಂತರು. ತಾಯಿ ಕೈತೊಳೆದು, ತನ್ನ ಮನೆಯದೇ ಬಟ್ಟಲು, ತನ್ನ ಮನೆಯದೇ ಚಮಚ, ತನ್ನ ಮನೆಯದೇ ನೀರು ತಂದು ಮಾತ್ರೆಯನ್ನು ಕರಗಿಸಿ ತಾನೇ ಕುಡಿಸಿದಳು; ಸ್ವಯಂಸೇವಕರು ಕಣ್ಣಿನಿಂದ ನೋಡಿ ಖಚಿತಪಡಿಸಿಕೊಂಡು ಲೆಕ್ಕ ಬರೆದುಕೊಂಡರು. 2020ರಲ್ಲಿ ಹೀಗೆ ಪ್ರತಿ ಸುತ್ತಿನಲ್ಲಿಯೂ ಸರಾಸರಿ 3 ಕೋಟಿಗೂ ಹೆಚ್ಚು ಮಕ್ಕಳಿಗೆ ಮದ್ದು ತಲುಪಿತು.

ಈ ಕ್ರಮವನ್ನು ಕೋವಿಡ್‌ನೊಡನೆಯೇ ಮರೆಯಬಾರದೆಂದು ನಮಗೆ ಅನಿಸುತ್ತದೆ. ಒಂದು ಮನೆಯ ಚಮಚ ಇನ್ನೊಂದು ಮನೆಗೆ ಹೋಗುವುದಿಲ್ಲ, ಕಾರ್ಯಕರ್ತೆಯ ಬೆರಳು ಯಾವ ಮಗುವಿನ ತುಟಿಗೂ ತಾಗುವುದಿಲ್ಲ, ಮಗು ಪರಿಚಿತ ಕೈಯಿಂದ ಅಳದೆ ಕುಡಿಯುತ್ತದೆ. ಜಂತುಹುಳುವಿನ ಮಾತ್ರೆಯನ್ನು ಮನೆಯಲ್ಲಿ ಕೊಡುವ ಸಂದರ್ಭ ಬಂದರೆ ಹೀಗೆಯೇ ಕೊಡಬಹುದು. ಆದರೆ “ಆಮೇಲೆ ಕುಡಿಸುತ್ತೇನೆ” ಎಂದು ತಾಯಿ ಮಾತ್ರೆಯನ್ನು ಗೂಡಿನಲ್ಲಿ ಇಟ್ಟುಕೊಳ್ಳುವುದಕ್ಕೆ ಮಾತ್ರ ಅವಕಾಶ ಕೊಡಬಾರದು. ಎದುರಿನಲ್ಲಿಯೇ ಕುಡಿಸುವುದನ್ನು ನೋಡಿದ ಬಳಿಕವೇ ಮುಂದಿನ ಮನೆ. ಶಾಲೆಗಳಲ್ಲಿ ಮಾತ್ರೆಗೆ ಮೊದಲು ಮಕ್ಕಳೆಲ್ಲರನ್ನೂ ಸಾಲಾಗಿ ನಳದ ಬಳಿ ಕಳುಹಿಸಿ ಸಾಬೂನಿನಿಂದ ಕೈ ತೊಳೆಯಿಸಬೇಕು, ಪ್ರತಿಯೊಬ್ಬರೂ ತಮ್ಮ ತಮ್ಮ ಲೋಟವನ್ನೇ ಬಳಸಬೇಕು. ಒಂದೇ ಲೋಟ ಇಡೀ ತರಗತಿಯನ್ನು ಸುತ್ತುವುದು ನಿಲ್ಲಬೇಕು.

ಇಷ್ಟೆಲ್ಲವನ್ನೂ ಕಾರ್ಯಕರ್ತೆಯ ಹೆಗಲಿಗೇ ಹೇರಿ ಸುಮ್ಮನಾಗುವುದು ನ್ಯಾಯವಲ್ಲ. ಪ್ರತಿ ಮನೆಯಲ್ಲಿಯೂ ಕೈ ತೊಳೆಯಿರಿ ಎಂದು ತರಬೇತಿಯಲ್ಲಿ ಹೇಳುವುದು ಸುಲಭ; ಬೇಸಿಗೆಯಲ್ಲಿ, ನಳದ ನೀರು ಹೊತ್ತಿಗೆ ಸರಿಯಾಗಿ ಬಾರದ ಊರಿನಲ್ಲಿ, ಆಕೆ ಯಾವ ನೀರಿನಿಂದ ತೊಳೆಯಬೇಕು? ಸಾಬೂನನ್ನು ತನ್ನ ಗೌರವಧನದಿಂದಲೇ ಕೊಂಡು ತರಬೇಕೆ? ಮನೆಗೆ ಬಂದವರಿಗೆ ಮೊದಲು ಕೈಕಾಲು ತೊಳೆಯಲು ನೀರು ಕೊಟ್ಟು, ಅನಂತರ ಬೆಲ್ಲ ನೀರು ಕೊಟ್ಟು ಉಪಚರಿಸುವುದು ನಮ್ಮ ಹಿರಿಯರ ಸಂಪ್ರದಾಯ. ಮದ್ದು ತರುವ ಈ ತಾಯಿಗೂ ಸಲ್ಲಬೇಕಾದುದು ಅದೇ. ಜಗಲಿಯ ಮೇಲೆ ಒಂದು ತಂಬಿಗೆ ನೀರು, ಒಂದು ಸಾಬೂನು ಇಟ್ಟಿದ್ದರೆ ಸಾಕು; ಆಕೆ ಬಾಯಿಬಿಟ್ಟು ಕೇಳಬೇಕಾದ ಸಂಕೋಚ ತಪ್ಪುತ್ತದೆ. ಆಕೆ ಯಾವ ಓಣಿಯವಳು, ಯಾವ ಜನದವಳು ಎಂದು ನೋಡಿ ನೀರು ಕೊಡುವ ಮನೆಗಳು ಇಂದಿಗೂ ಉಂಟೆಂದು ಕೇಳಿ ನಮಗೆ ಖೇದವಾಗಿದೆ. ಅಂಥ ಮನೆಯವರು ಶರಣರ ಹೆಸರನ್ನು ಹೇಳುವ ಮುನ್ನ ಯೋಚಿಸಲಿ. ಗ್ರಾಮ ಪಂಚಾಯಿತಿಯವರು ಅಭಿಯಾನದ ದಿನಗಳಲ್ಲಿ ಅಂಗನವಾಡಿಗೆ ನೀರು ಬರುವಂತೆ ವೇಳೆಯನ್ನು ಹೊಂದಿಸಿಕೊಟ್ಟರೆ ದೊಡ್ಡ ಉಪಕಾರ.

ಕಾರ್ಯಕರ್ತೆಗೇ ಜ್ವರ, ವಾಂತಿಭೇದಿ, ಕೆಂಗಣ್ಣು ಇದ್ದರೆ ಆ ದಿನ ಆಕೆ ಮಕ್ಕಳ ಬಳಿ ಹೋಗಬಾರದು. ಹೋಗದಿದ್ದರೆ ಪ್ರೋತ್ಸಾಹಧನ ಕೈತಪ್ಪೀತು, ಮೇಲಿನವರಿಂದ ಗುರಿ ಮುಟ್ಟಲಿಲ್ಲವೆಂಬ ಮಾತು ಬಂದೀತು ಎಂಬ ಅಳುಕಿರುವವರೆಗೆ ಆಕೆ ಮಾತ್ರೆ ನುಂಗಿಯಾದರೂ ಹೊರಡುತ್ತಾಳೆ. ಬದಲಿ ವ್ಯವಸ್ಥೆಯನ್ನು ಮೊದಲೇ ಮಾಡಿಡುವುದು ಮೇಲ್ವಿಚಾರಕರ ಹೊಣೆ.

ಮಗುವಿಗೆ ಜ್ವರವಿದ್ದರೂ ಇದೇ ಬಗೆಯ ಎಚ್ಚರ ಬೇಕು. ಅಸ್ವಸ್ಥ ಮಗುವಿಗೆ ಅಂದು ಜಂತುಹುಳುವಿನ ಮಾತ್ರೆ ಕೊಡುವುದಿಲ್ಲ. ಅಂಥ ಮನೆ ಇದೆಯೆಂದು ಮೊದಲೇ ತಿಳಿದಿದ್ದರೆ ಭೇಟಿಯನ್ನು ದಿನದ ಕೊನೆಗೆ ಇಟ್ಟುಕೊಳ್ಳುವುದು ಜಾಣತನ. ಈ ಸಲ ತಪ್ಪಿದರೆ ಇನ್ನಾರು ತಿಂಗಳು ಕಾಯಬೇಕೆಂದು ಹೆದರಿ ಕೆಲವು ತಾಯಂದಿರು ಜ್ವರವನ್ನು ಮುಚ್ಚಿಡುತ್ತಾರೆ. ಹಾಗೆ ಹೆದರಬೇಕಾಗಿಲ್ಲ. ಮುಖ್ಯ ದಿನದ ಬಳಿಕ ಸುಮಾರು ಒಂದು ವಾರದೊಳಗೆ, ತಪ್ಪಿಹೋದ ಮಕ್ಕಳಿಗಾಗಿಯೇ ಇನ್ನೊಂದು ದಿನವನ್ನು ಗೊತ್ತುಪಡಿಸಿರುತ್ತಾರೆ. ಅದರ ದಿನಾಂಕವನ್ನು ಅಂಗನವಾಡಿಯಲ್ಲಿ ಕೇಳಿ ತಿಳಿಯಬಹುದು. ಮಾತ್ರೆ ನುಂಗಿದ ಮೇಲೆ ಕೆಲವು ಮಕ್ಕಳಿಗೆ, ಅದರಲ್ಲಿಯೂ ಹುಳುಗಳು ಹೆಚ್ಚಾಗಿರುವವರಿಗೆ, ತುಸು ಹೊಟ್ಟೆನೋವು, ವಾಕರಿಕೆ ಕಾಣಿಸಬಹುದು. ನೆರಳಿನಲ್ಲಿ ಮಲಗಿಸಿ ಶುದ್ಧವಾದ ನೀರು ಕುಡಿಸಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಕಡಿಮೆಯಾಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು, ಇಲ್ಲವೇ 108ಕ್ಕೆ ಕರೆಮಾಡಬೇಕು.